ಒರಗುವುದು ಎಂದರೆ ನಿದ್ದೆಯಲ್ಲ

ಅದಿತಿ, ಮಿಹಿರ, ಕಳೆದ ಭಾನುವಾರ ಮಧ್ಯಾಹ್ನ ಕೆಳಗೆ ಹೋಟೆಲಿನಲ್ಲಿದ್ದ ನಿಮ್ಮ ಅಪ್ಪ, "ಅಜ್ಜಿ ಎಂತ ಮಾಡ್ತಿದ್ದಾರೆ?" ಎಂದು ಫೋನಿನಲ್ಲಿ ಬರೆದು ಕೇಳಿದ್ದ. ಅಜ್ಜಿ ಒರಗಿದ್ದಳು. ಅಷ್ಟನ್ನು ಬರೆದು ಕಳಿಸಿದ್ದರೆ ಮುಗಿಯುತ್ತಿತ್ತು. ಆದರೆ ನಿಮಗೆ ಅಕ್ಷರಕ್ಕಿಂತ ಚಿತ್ರ ಕಳಿಸುವುದೇ ಸುಲಭ. ಕಣ್ಣು ಮುಚ್ಚಿ ನಿದ್ದೆ ಹೊಡೆಯುವ ಹಳದಿ ಮುಖ ಹಾಕಬೇಕೆಂದು ಮಿಹಿರ, ಸೋಫಾದ ಚಿತ್ರ ಹಾಕಬೇಕೆಂದು ಅದಿತಿ, ಇಬ್ಬರೂ ಫೋನನ್ನು ಎಳೆದಾಡಿದಿರಿ. ಕೊನೆಗೆ ಅದಿತಿ ನನ್ನ ಭುಜ ಅಲುಗಿಸಿ, "ಅಜ್ಜಿ, ಒರಗೋದು ಅಂದ್ರೆ ಸ್ಲೀಪಾ, ರೆಸ್ಟಾ? ಬೇಗ ಹೇಳಿ" ಅಂದಳು. "ಎರಡೂ ಅಲ್ಲ" ಎಂದು ನಾನು ಎದ್ದು ಅಡುಗೆಮನೆಗೆ ಹೋದೆ. ಅಲ್ಲಿ ನನಗೆ ಏನೂ ಕೆಲಸವಿರಲಿಲ್ಲ. ತೊಳೆದಿಟ್ಟ ಲೋಟವನ್ನೇ ಇನ್ನೊಮ್ಮೆ ತೊಳೆದೆ.

ಬಾಯಿಬಿಟ್ಟು ಉತ್ತರ ಹೇಳುವುದು ನನಗೆ ಮೊದಲಿನಿಂದಲೂ ಕಷ್ಟ. ಕುಂದಾಪುರದ ಹತ್ತಿರದ ನಮ್ಮ ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದೆ. ಮಾಸ್ತರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ನಾಲಿಗೆ ಏಳುತ್ತಿರಲಿಲ್ಲ. ಸ್ಲೇಟಿನಲ್ಲಿ ಬರೆದು ಎದೆಯ ಮುಂದೆ ಹಿಡಿದು ನಿಲ್ಲುತ್ತಿದ್ದೆ. ಮಾಸ್ತರು ಒಳ್ಳೆಯವರು, "ಇವಳ ಬಾಯಿ ಸ್ಲೇಟಿನಲ್ಲುಂಟು" ಎಂದು ಬಿಟ್ಟುಬಿಡುತ್ತಿದ್ದರು. ಈಗ ಸ್ಲೇಟಿನ ಬದಲು ಅದಿತಿಯ ಹೋದ ವರ್ಷದ ನೋಟುಪುಸ್ತಕದಲ್ಲಿ ಉಳಿದ ಹಾಳೆಗಳಿವೆ. ನಿಮ್ಮ ಪ್ರಶ್ನೆ ಸಣ್ಣದಲ್ಲ ಮಕ್ಕಳೇ. ಆ ಮಾತಿನ ಅರ್ಥವನ್ನು ಹೇಳಬೇಕಾದಲ್ಲಿ ಹೇಳದೆ ಹೋದದ್ದರಿಂದ, ಹೋದ ಮಳೆಗಾಲದಲ್ಲಿ, ನಲವತ್ತು ಚಿಲ್ಲರೆ ವರ್ಷ ನಾನು ಹಿಡಿದ ಸಾಂಬಾರಿನ ಸೌಟು ಕೈಬಿಟ್ಟು ಹೋಗುವುದರಲ್ಲಿತ್ತು.

ಮೊದಲು ಅರ್ಥ ಹೇಳುತ್ತೇನೆ. ಒರಗುವುದು ಎಂದರೆ ಯಾವುದಾದರೊಂದಕ್ಕೆ ಆನಿಕೊಳ್ಳುವುದು. ಗೋಡೆಗೆ ಒರಗಬಹುದು, ಕಂಬಕ್ಕೆ ಒರಗಬಹುದು. ಆದರೆ ನಮ್ಮ ಕಡೆಯ ಮನೆಗಳಲ್ಲಿ ಹೆಂಗಸರು ಮಧ್ಯಾಹ್ನ ಊಟ ಮುಗಿಸಿ, ಪಾತ್ರೆ ಕವುಚಿಹಾಕಿ, "ಸ್ವಲ್ಪ ಒರಗ್ತೇನೆ" ಎಂದರೆ ಅಲ್ಲಿ ಗೋಡೆಯೂ ಇಲ್ಲ, ಕಂಬವೂ ಇಲ್ಲ, ನೆಲವೇ. ಈ ಮಾತು ಎಲ್ಲರಿಗೂ ಸಲ್ಲುವುದಿಲ್ಲ. ಒಂದೇ ಮನೆಯಲ್ಲಿ, ಒಂದೇ ಮಧ್ಯಾಹ್ನ, ಮಾವ ವಿಶ್ರಾಂತಿ ತೆಗೆದುಕೊಳ್ಳುತ್ತಾರೆ, ಗಂಡ ನಿದ್ದೆ ಮಾಡುತ್ತಾನೆ, ಮಕ್ಕಳು ಮಲಗುತ್ತವೆ, ಬೆಕ್ಕು ಬಿದ್ದುಕೊಳ್ಳುತ್ತದೆ. ಒರಗುವುದು ಹೆಂಗಸರು ಮಾತ್ರ. ಎಲ್ಲರೂ ಮಾಡುತ್ತಿರುವುದು ಒಂದೇ ಕೆಲಸ ಎಂದು ಬೆಕ್ಕಿಗಾದರೂ ಗೊತ್ತಿರಬೇಕು, ಆದರೆ ಅದು ಹೇಳುವುದಿಲ್ಲ.

ಒರಗಲು ಕ್ರಮವಿದೆ. ಚಾಪೆ ಬಿಚ್ಚಬಾರದು. ತಲೆದಿಂಬು ಬೇಡವೇ ಬೇಡ, ದಿಂಬು ಬಂತೆಂದರೆ ಅದು ನಿದ್ದೆ. ಊಟದ ಮಣೆಯನ್ನು ಮಗುಚಿ ತಲೆಗೆ ಕೊಡಬಹುದು, ಇಲ್ಲವೇ ಸ್ವಂತ ತೋಳು ಇದ್ದೇ ಇದೆ. ಕೋಣೆಯೊಳಗೆ ಹೋಗಿ ಬಾಗಿಲು ಹಾಕಬಾರದು. ಜನ ಓಡಾಡುವ ದಾರಿಯಲ್ಲೇ, ಬೇಕಾದರೆ ತುಳಿದುಕೊಂಡು ಹೋಗಿ ಎನ್ನುವ ಹಾಗೆ ಒರಗಬೇಕು. ಒಂದು ಕಾಲು ಮಡಚಿರಬೇಕು, ಏಳಲು ತಯಾರಾಗಿದ್ದೇನೆ ಎಂದು ತೋರಿಸಲು. ಯಾರಾದರೂ ಕರೆದರೆ ಹೆಸರು ಪೂರ್ತಿಯಾಗುವ ಮೊದಲೇ, "ಹಾಂ, ಎಚ್ಚರ ಇದ್ದೇನೆ" ಎನ್ನಬೇಕು. ಎಷ್ಟು ಹೊತ್ತಾಯಿತು ಎಂದು ಕೇಳಿದರೆ "ಈಗಷ್ಟೇ ಒರಗಿದ್ದು" ಎನ್ನಬೇಕು. ಒಂದೂವರೆಗೆ ಒರಗಿ ಮೂರೂವರೆಗೆ ಎದ್ದರೂ ಈಗಷ್ಟೇ.

ಇದನ್ನೆಲ್ಲ ನಾನು ಕಲಿತದ್ದು ನಿಮ್ಮ ಮುತ್ತಜ್ಜಿಯಿಂದ, ಅಂದರೆ ನನ್ನ ಅತ್ತೆಯಿಂದ. ಹತ್ತೊಂಬತ್ತಕ್ಕೆ ಮದುವೆಯಾಗಿ ಬಂಗಾಳಕ್ಕೆ, ಸಿಯಾಲ್ದಾ ಸ್ಟೇಷನ್ನಿನ ಹಿಂದಿನ ಈ ಗಲ್ಲಿಗೆ ಬಂದೆ. ಆಗಲೂ ಕೆಳಗೆ ಹೋಟೆಲು, ಮೇಲೆ ಮನೆ. ಬಂದ ಎರಡನೆಯ ದಿನ ಊಟ ಮಾಡಿ ಕೋಣೆಗೆ ಹೋಗಿ ದಿಂಬಿಗೆ ತಲೆಯಿಟ್ಟು ಮಲಗಿದ್ದೆ. ಅತ್ತೆ ಬಾಗಿಲಲ್ಲಿ ನಿಂತು, "ಮೈಗೆ ಹುಷಾರಿಲ್ಲವಾ ನಿಂಗೆ?" ಎಂದರು. ಹುಷಾರಿದ್ದೇನೆ ಎಂದೆ. "ಹಾಗಾದ್ರೆ ಮಲಗಿದ್ದು ಎಂತಕ್ಕೆ?" ಗದರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ ಹಾಗಿತ್ತು. ಮಾರನೆಯ ದಿನದಿಂದ ನಾನು ಮಲಗಲಿಲ್ಲ, ಒರಗಿದೆ. ಅತ್ತೆಯೂ ಅಡುಗೆಮನೆಯ ಹೊಸ್ತಿಲ ಬಳಿ ಮಣೆಗೆ ತಲೆ ಕೊಟ್ಟು ಒರಗುತ್ತಿದ್ದರು. ಒರಗಿದ ಐದು ನಿಮಿಷಕ್ಕೆ ಅವರ ಉಸಿರಿಗೆ ಸರಿಯಾಗಿ ಗೂಡಿನಲ್ಲಿದ್ದ ತಾಮ್ರದ ಚೊಂಬಿನ ಮುಚ್ಚಳ ನಡುಗಲು ಶುರುವಾಗುತ್ತಿತ್ತು. ಅದು ನಿದ್ದೆ ಎಂದು ಯಾರೂ ಅನ್ನಲಿಲ್ಲ. ಮುಚ್ಚಳವನ್ನು ತೆಗೆದು ಪಕ್ಕಕ್ಕಿಡುತ್ತಿದ್ದೆವು.

ಒಮ್ಮೆ ನಾನು ಹೀಗೆ ಒರಗಿದವಳಿಗೆ ಹೊತ್ತು ಇಳಿದದ್ದೇ ತಿಳಿಯಲಿಲ್ಲ. ಅತ್ತೆ ಎರಡು ಸಲ ಕೂಗಿದರಂತೆ. ನಿಮ್ಮ ಅಜ್ಜ ಬಾಯಿ ತೆರೆದುಕೊಂಡಿದ್ದ ನನ್ನ ಮುಖವನ್ನು ನೋಡುತ್ತಲೇ, "ಅವಳು ಈಗಷ್ಟೇ ಒರಗಿದ್ದಾಳೆ ಅಮ್ಮ" ಎಂದು ಹೇಳಿ, ತಾವೇ ಹೋಗಿ ಕಾಫಿಗೆ ನೀರಿಟ್ಟರಂತೆ. ಅವರು ನನ್ನ ಬಗ್ಗೆ ಆಡಿದ ಮಾತುಗಳಲ್ಲಿ ಅಷ್ಟು ಪ್ರೀತಿಯದು ನನಗೆ ಬೇರೆ ನೆನಪಿಲ್ಲ. ಅದನ್ನೂ ನಾನು ಕಿವಿಯಾರೆ ಕೇಳಲಿಲ್ಲ. ನಾದಿನಿ ಹೇಳಿ ತಿಳಿದದ್ದು.

ನಮ್ಮ ಮನೆಯ ಕತೆ ಹೀಗಾದರೆ, ಹೊರಗೆ ಊರಿಗೆ ಊರೇ ಮಲಗುತ್ತದೆ. ಎರಡು ಗಂಟೆಗೆ ಗಲ್ಲಿಯ ಸೀರೆ ಅಂಗಡಿಯವನು ಶಟರನ್ನು ಅರ್ಧ ಇಳಿಸುತ್ತಾನೆ, ಆಮೇಲೆ ಅವನ ಎರಡು ಪಾದಗಳು ಮಾತ್ರ ಕಾಣುತ್ತವೆ. ಎದುರು ಮನೆಯ ಮಾಶಿಮಾ, ಅಂದರೆ ನಮ್ಮ ಚಿಕ್ಕಮ್ಮ ಎನ್ನುವ ಹಾಗೆ, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಧ್ವನಿ ಇನ್ನೂ ನಿವೃತ್ತವಾಗಿಲ್ಲ. ಮೀನು ಅನ್ನ ಉಂಡು ಬಾಲ್ಕನಿಗೆ ಬಂದು, "ಎಬಾರ್ ಎಕ್ಟು ಭಾತ್‌ಘೂಮ್ ದೇಬೋ" ಎಂದು ಗಲ್ಲಿಗೆಲ್ಲ ಕೇಳಿಸಿ, ಕಿಟಕಿ ಮುಚ್ಚಿಕೊಳ್ಳುತ್ತಾರೆ. ಭಾತ್ ಅಂದರೆ ಅನ್ನ, ಘೂಮ್ ಅಂದರೆ ನಿದ್ದೆ. ಇನ್ನು ಅನ್ನದ ನಿದ್ದೆ ಮಾಡುತ್ತೇನೆ ಎಂದು ಡಂಗುರ! ಮೊದಲ ಸಲ ಕೇಳಿದಾಗ, ಸ್ನಾನಕ್ಕೆ ಹೋಗುತ್ತೇನೆ ಎಂದು ಯಾರೋ ಬೀದಿಗೆ ಕೂಗಿ ಹೇಳಿದ ಹಾಗೆ ನನಗೆ ನಾಚಿಕೆಯಾಗಿತ್ತು. "ತುಮಿ ದುಪುರೇ ಘುಮಾವ್ ನಾ?" ಎಂದು ಅವರು ಒಮ್ಮೆ ಕೇಳಿದರು, ಮಧ್ಯಾಹ್ನ ನೀನು ನಿದ್ದೆ ಮಾಡುವುದಿಲ್ಲವಾ ಎಂದು. "ನಾ, ನಾ" ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. ನಾನು ಅದನ್ನು ಮೆಚ್ಚುಗೆ ಎಂದುಕೊಂಡೆ.

ಇದೇ ಅನ್ನದ ನಿದ್ದೆಯ ಊರಿನ ಹುಡುಗಿ ಮೌಸುಮಿ, ನಿಮ್ಮ ಅಮ್ಮ, ಹದಿನಾಲ್ಕು ವರ್ಷದ ಹಿಂದೆ ನನ್ನ ಸೊಸೆಯಾಗಿ ಬಂದಳು. ಗಾರ್ಡನ್ ರೀಚಿನಲ್ಲಿ ಹುಟ್ಟಿ ಬೆಳೆದವಳು, ವರ್ಷ ಕಳೆಯುವುದರೊಳಗೆ ನಮ್ಮ ಕನ್ನಡವನ್ನು ನಮಗಿಂತ ಜೋರಾಗಿ ಮಾತಾಡಲು ಕಲಿತಳು. ಮದುವೆಯಾದ ವಾರವೇ ಅವಳ ತಾಯಿ ಫೋನು ಮಾಡಿ ಏನೋ ಕೇಳಿದರು. ನಿಮ್ಮ ಅಪ್ಪ ಅದನ್ನು ನನಗೆ ದಾಟಿಸಿದ: "ಅಮ್ಮ, ಊಟ ಆದ ಮೇಲೆ ಮಲಗುದು ಮಗಳಿಗೆ ಅಭ್ಯಾಸ, ನಿಮ್ಮಲ್ಲಿ ನಡೀತದಾ ಅಂತ ಕೇಳ್ತಿದ್ದಾರೆ." ನಾನು ಹೇಳಿದೆ: "ನಮ್ಮಲ್ಲಿ ಹಗಲು ಯಾರೂ ನಿದ್ದೆ ಮಾಡುವ ಕ್ರಮ ಇಲ್ಲ. ಬೇಕಿದ್ರೆ ಸ್ವಲ್ಪ ಒರಗ್ತೇವೆ, ಅಷ್ಟೆ." ನನ್ನ ಮನಸ್ಸಿನಲ್ಲಿ ಅದು ಪೂರ್ತಿ ಒಪ್ಪಿಗೆಯ ಮಾತು. ಮಲಗಲಿ, ಧಾರಾಳ ಮಲಗಲಿ, ಹೆಸರೊಂದು ಬೇರೆ ಇರಲಿ ಎಂದು. ಆದರೆ ನಮ್ಮ ಕಡೆ ಹುಟ್ಟದವಳಿಗೆ ಅದು ಹೇಗೆ ತಿಳಿಯಬೇಕು? ಅವಳಿಗೆ ಮುಟ್ಟಿದ್ದು "ಇಲ್ಲ" ಎಂಬುದು ಮಾತ್ರ.

ಎರಡು ದಿನ ನನ್ನ ಪಕ್ಕದಲ್ಲಿ ಬರಿ ನೆಲದ ಮೇಲೆ ಒರಗಿ ಕಣ್ಣು ಬಿಟ್ಟುಕೊಂಡು ಫ್ಯಾನಿನ ರೆಕ್ಕೆ ಎಣಿಸಿದಳು. ಮೂರನೆಯ ದಿನ, "ಅತ್ತೆ, ನಾನು ಕೆಳಗೆ ಸ್ಟಾಕ್ ನೋಡಿ ಬರ್ತೇನೆ" ಎಂದು ಉಗ್ರಾಣಕ್ಕೆ ಹೋದಳು. ಅಂದಿನಿಂದ ದಿನಾ ಊಟವಾದ ಮೇಲೆ ಸ್ಟಾಕ್ ನೋಡುವುದೇ. ನನ್ನ ಸೊಸೆ ಮಧ್ಯಾಹ್ನವೂ ಸುಮ್ಮನೆ ಕೂರುವುದಿಲ್ಲ ಎಂದು ಊರಿನ ನೆಂಟರಿಗೆಲ್ಲ ಹೇಳಿಕೊಂಡು ಹಿಗ್ಗಿದೆ. ನಿಮ್ಮ ಅಜ್ಜ ಒಮ್ಮೆ, "ದಿನಾ ನೋಡುವಷ್ಟು ಸ್ಟಾಕ್ ನಮ್ಮಲ್ಲಿ ಎಲ್ಲುಂಟು ಮಾರಾಯ್ತಿ?" ಎಂದು ಕೇಳಿದ್ದರು. ಆರು ವರ್ಷದ ಹಿಂದೆ ಅವರು ತೀರಿಕೊಂಡ ಮೇಲೂ ನಾನು ಅದಕ್ಕೆ ಉತ್ತರ ಹುಡುಕಲು ಹೋಗಲಿಲ್ಲ.

ಇನ್ನು ನನ್ನ ದಿನಚರಿ ನಿಮಗೆ ಗೊತ್ತು. ಆರಕ್ಕೆ ಮೊದಲ ಲೋಕಲ್ ರೈಲಿನವರು ಇಡ್ಲಿಗೆ ಬಂದು ನಿಲ್ಲುತ್ತಾರೆ. ನಾಲ್ಕಕ್ಕೆ ಎದ್ದು ಕೆಳಗಿಳಿದು ಕೊತ್ತಂಬರಿ, ಮೆಣಸು ಹುರಿದು ರುಬ್ಬಿ ಸಾಂಬಾರು ಇಳಿಸುವುದು ನನ್ನ ಕೆಲಸ. ಬೇರೆ ಕೆಲಸಕ್ಕೆ ಜನರಿದ್ದಾರೆ, ಸಾಂಬಾರಿಗೆ ಮಾತ್ರ ನಾನೇ. ಮಾತು ಬಾರದವಳಿಗೆ ಮನೆಯಲ್ಲಿ ಒಂದು ಜಾಗ ಅಂತ ಇದ್ದರೆ ಅದು ಆ ಒಲೆಯ ಎದುರು. ಮಲಗುವಾಗ ಹನ್ನೊಂದಾಗುತ್ತದೆ, ಹಾಗಾಗಿ ಐದೇ ಗಂಟೆಯ ನಿದ್ದೆ. ಉಳಿದದ್ದು ಮಧ್ಯಾಹ್ನ ತುಂಬಿಬರುತ್ತಿತ್ತು. ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಸಾಂಬಾರಿನ ಪಾತ್ರೆಯ ಮುಚ್ಚಳ ಎತ್ತಿದವಳಿಗೆ ಕಣ್ಣು ಕತ್ತಲೆ ಬಂದು, ತೆಂಗಿನಕಾಯಿ ರಾಶಿಯ ಮೇಲೆ ಕುಳಿತುಬಿಟ್ಟೆ. ಅಷ್ಟೆ. ನಿಮ್ಮ ಅಪ್ಪ ಗಾಬರಿಯಾಗಿ ಅಲಿಪುರದ ಡಾಕ್ಟರ ಹತ್ತಿರ ಹೊರಡಿಸಿದ. ಮೌಸುಮಿ ಜೊತೆಗೆ ಬಂದಳು. ಬಂಗಾಳಿ ನನಗೆ ಅರ್ಥವಾಗುತ್ತದೆ, ಆದರೆ ಡಾಕ್ಟರ ಎದುರು ಕನ್ನಡವೇ ಹೊರಡದವಳಿಗೆ ಬಂಗಾಳಿ ಎಲ್ಲಿಂದ ಹೊರಡಬೇಕು? ಅಲ್ಲಿ ಅವಳೇ ನನ್ನ ಬಾಯಿ.

ಡಾಕ್ಟರು ರಕ್ತದೊತ್ತಡ ನೋಡಿದರು, ನಾಲಿಗೆ ನೋಡಿದರು, ರಾತ್ರಿ ನಿದ್ದೆ ಕೇಳಿದರು. ಐದು ಗಂಟೆ. ಆಮೇಲೆ ಮೌಸುಮಿ, "ಅತ್ತೆ, ಮಧ್ಯಾಹ್ನ ನಿದ್ದೆ ಮಾಡ್ತೀರಾ ಅಂತ ಕೇಳ್ತಿದ್ದಾರೆ" ಎಂದಳು.

"ಇಲ್ಲ."

ಯೋಚಿಸಿ ಹೇಳಿದ್ದಲ್ಲ. ನಲವತ್ತು ವರ್ಷದ ಅಭ್ಯಾಸ ತಾನಾಗಿಯೇ ಬಾಯಿಗೆ ಬಂತು. ಮೌಸುಮಿ ಒಂದು ಗಳಿಗೆ ನನ್ನ ಮುಖ ನೋಡಿದಳು. "ಸ್ವಲ್ಪ ಒರಗ್ತೇನೆ, ಅಷ್ಟೆ" ಎಂದು ಸೇರಿಸಿದೆ. ಒರಗುವುದು ಎಂದರೇನು ಎಂದು ಡಾಕ್ಟರು ಕೇಳಿದರು. ಕಣ್ಣು ಮುಚ್ಚಿಕೊಂಡು ನೆಲದ ಮೇಲೆ ಇರುತ್ತಾರೆ, ಎಚ್ಚರ ಇರುತ್ತಾರೆ ಎಂದು ಅವಳು ಬಂಗಾಳಿಯಲ್ಲಿ ವಿವರಿಸಿದಳು. "ಧ್ಯಾನ?" ಎಂದರು ಡಾಕ್ಟರು. ಹಾಗೆಯೇ ಎಂದು ಇಟ್ಟುಕೊಳ್ಳಿ ಎಂದಳು. ಅವರು ಗೌರವದಿಂದ ಬರೆದುಕೊಂಡರು. ಆಮೇಲೆ ಅಪ್ಪಣೆಯಾಯಿತು: ಈ ವಯಸ್ಸಿಗೆ ದಿನಕ್ಕೆ ಐದೇ ಗಂಟೆ ನಿದ್ದೆ ಸಾಲದು. ಒಂದು ತಿಂಗಳು ಏಳಕ್ಕೆ ಮೊದಲು ಹಾಸಿಗೆ ಬಿಡಬಾರದು. ಅಷ್ಟಾಗಿಯೂ ನಿದ್ದೆ ಹೆಚ್ಚದಿದ್ದರೆ ನಿದ್ದೆ ಗುಳಿಗೆ, ಮತ್ತೆ ಒಲೆಯ ಕೆಲಸ ಪೂರ್ತಿ ಬಂದ್.

ನಿಮ್ಮ ಅಪ್ಪ ಇದನ್ನು ಕೇಳಿ, "ಅಮ್ಮ, ಇನ್ನು ಸಾಕು. ತಿಂಗಳು ನೋಡುವ, ಆಗದಿದ್ರೆ ಊರಿಂದ ಒಬ್ಬ ಅಡುಗೆಯವರನ್ನು ಕರೆಸ್ತೇನೆ. ನೀನು ಮೇಲೆ ಆರಾಮ ಇರು" ಎಂದ. ಆರಾಮ ಇರು ಎಂದು ಮಗ ಹೇಳಿದರೆ ತಾಯಿಗೆ ಕೈಕಾಲು ತಣ್ಣಗಾಗುತ್ತದೆ ಎಂದು ಅವನಿಗೆ ಯಾರು ಹೇಳಬೇಕು?

ಏಳರವರೆಗೆ ಮಲಗು ಎಂದರೆ ಕಣ್ಣು ಕೇಳುತ್ತದೆಯೇ? ನಾಲ್ಕಕ್ಕೆ ಸರಿಯಾಗಿ ಬಿಡುತ್ತದೆ. ಮೂರು ಗಂಟೆ ಹೊತ್ತು ಮಂಚದ ಮೇಲೆ ಬಿದ್ದುಕೊಂಡು ಕೆಳಗಿನ ಸದ್ದು ಕೇಳುತ್ತಿದ್ದೆ. ಗ್ರೈಂಡರ್ ಶುರುವಾಯಿತು. ಕೊತ್ತಂಬರಿ ಬಾಣಲೆಗೆ ಬಿತ್ತು. ಪರಿಮಳ ಬಂತು, ಈಗ ಇಳಿಸಬೇಕು, ಈಗ, ಇನ್ನು ತಡಮಾಡಿದರೆ ಕರಟುತ್ತದೆ. ಇಳಿಸಿದ ಸದ್ದಾಯಿತು. ಇಳಿಸುತ್ತಿದ್ದವಳು ಮೌಸುಮಿ. ನನ್ನ ಬದಲು ಅವಳು ನಾಲ್ಕಕ್ಕೆ ಏಳುತ್ತಿದ್ದಳು. ಮೊದಲ ದಿನದ ಸಾಂಬಾರನ್ನು ಲೋಟದಲ್ಲಿ ತಂದು ಕೊಟ್ಟು, "ಹೇಗುಂಟು ಅತ್ತೆ?" ಎಂದಳು. ಕುಡಿದೆ. ಚೆನ್ನಾಗಿತ್ತು. ಅದೇ ನನ್ನ ಸಂಕಟ. ಉಪ್ಪು ಒಂದು ಕಲ್ಲು ಕಡಿಮೆ ಎಂದು ಅಂದುಕೊಳ್ಳಲು ನೋಡಿದೆ; ಕಡಿಮೆಯಿರಲಿಲ್ಲ. "ಪರವಾಗಿಲ್ಲ" ಎಂದೆ. ಯಾರಾದರೂ ಗಿರಾಕಿ ಬಂದು, ಇವತ್ತು ಸಾಂಬಾರಿಗೆ ಏನಾಗಿದೆ ಎಂದು ಕೇಳಬಹುದೆಂದು ಒಂದು ವಾರ ಕಾದೆ. ಮೂವರು ಎರಡನೆಯ ಬಾರಿ ಹಾಕಿಸಿಕೊಂಡರಂತೆ.

ನನ್ನ ಸೌಟು ನನಗೆ ಮರಳಿ ಬರಲು ಒಂದೇ ದಾರಿ ಇತ್ತು. ಡಾಕ್ಟರ ಎದುರು ಕುಳಿತು, ನಾನು ಮಧ್ಯಾಹ್ನ ಎರಡು ಗಂಟೆ ನಿದ್ದೆ ಮಾಡುತ್ತೇನೆ ಎನ್ನಬೇಕು. ಐದಕ್ಕೆ ಎರಡು ಕೂಡಿದರೆ ಏಳು, ಒಂದನೆಯ ತರಗತಿಯ ಲೆಕ್ಕ. ಆದರೆ ಆ ಮಾತು ಹೋಗಬೇಕಾದದ್ದು ಮೌಸುಮಿಯ ಬಾಯಿಂದ. ನಮ್ಮಲ್ಲಿ ಹಗಲು ಯಾರೂ ನಿದ್ದೆ ಮಾಡುವ ಕ್ರಮ ಇಲ್ಲ ಎಂದು ಯಾರಿಗೆ ಹೇಳಿದ್ದೆನೋ ಅವಳ ಬಾಯಿಂದಲೇ. ದಿನಾ ಮಧ್ಯಾಹ್ನ ಇದನ್ನೇ ಚಿಂತಿಸುತ್ತಾ ಒರಗುತ್ತಿದ್ದೆ, ಚಿಂತಿಸುತ್ತಲೇ ಎರಡು ಗಂಟೆ ಗಾಢವಾಗಿ ನಿದ್ದೆಹೋಗುತ್ತಿದ್ದೆ, ಎದ್ದು, ನಿದ್ದೆ ಸಾಲದೆಂದು ಸೌಟು ಹೋಗುತ್ತದಲ್ಲ ಎಂದು ಮತ್ತೆ ಚಿಂತಿಸುತ್ತಿದ್ದೆ.

ಮೂರನೆಯ ವಾರ. ಮೌಸುಮಿ ಸ್ಟಾಕ್ ನೋಡಲು ಇಳಿದಿದ್ದಳು, ಫೋನು ಮೇಲೆಯೇ ಉಳಿದಿತ್ತು. ಅದು ಬಿಡದೆ ಹೊಡೆದುಕೊಳ್ಳುತ್ತಿತ್ತು, ಯಾವುದೋ ಮದುವೆ ಊಟದ ಆರ್ಡರಿನವರು. ಅದನ್ನು ಹಿಡಿದುಕೊಂಡು ಕೆಳಗಿಳಿದು ಉಗ್ರಾಣದ ಬಾಗಿಲು ದೂಡಿದೆ. ಅಕ್ಕಿಚೀಲಗಳ ಮೇಲೆ ಮೌಸುಮಿ. ತಲೆಗೆ ರವೆಯ ಚೀಲ, ಒಂದು ಕೈ ಕೆಳಗೆ ಜೋತುಬಿದ್ದಿತ್ತು. ಅದು ಒರಗುವುದಲ್ಲ, ಧ್ಯಾನವಲ್ಲ, ಖಂಡಿತ ಸ್ಟಾಕ್ ನೋಡುವುದಲ್ಲ. ಗೋಡೆಯ ಮೊಳೆಯಲ್ಲಿ ಮಡಚಿ ಹಾಕಿದ ಒಂದು ಹಳೆಯ ಹೊದಿಕೆ. ಮೂಲೆಯಲ್ಲಿ ಪುಟ್ಟ ಟೇಬಲ್ ಫ್ಯಾನು. ಇದು ಇವತ್ತಿನ ಏರ್ಪಾಡಲ್ಲ ಎಂದು ನೋಡಿದರೆ ತಿಳಿಯುತ್ತಿತ್ತು.

ಕೈಯಲ್ಲಿದ್ದ ಫೋನು ಮತ್ತೆ ಕೂಗಿತು. ಅವಳು ಧಡಕ್ಕನೆ ಎದ್ದು ಕುಳಿತು, "ನಿದ್ದೆ ಮಾಡ್ಲಿಲ್ಲ ಅತ್ತೆ! ಸ್ಟಾಕ್... ಸ್ಟಾಕ್ ನೋಡ್ತಿದ್ದೆ!" ಎಂದಳು. ಕೆನ್ನೆಯ ಮೇಲೆ ಗೋಣಿಯ ನೇಯ್ಗೆ ಅಚ್ಚೊತ್ತಿತ್ತು. ಪಾದಗಳು ಕತ್ತಲಲ್ಲಿ ಚಪ್ಪಲಿ ಹುಡುಕುತ್ತಿದ್ದವು. ನಾನು ಏನಾದರೂ ಹೇಳಬೇಕಲ್ಲ ಎಂದು ಬಾಯಿ ತೆರೆದೆ.

"ಮೈಗೆ ಹುಷಾರಿಲ್ಲವಾ ನಿಂಗೆ?"

ಹೇಳಿದ ಮೇಲೆ ಗೊತ್ತಾಯಿತು, ಅದು ಯಾರ ಮಾತೆಂದು. ಅತ್ತೆ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು, ಆ ಬಾಗಿಲಲ್ಲಿ ನಿಂತಿದ್ದವರು ಅವರೇ. ಫೋನನ್ನು ಅವಳ ಕೈಗೆ ಕೊಟ್ಟು, "ನೋಡು, ನಿಧಾನ ನೋಡು ಸ್ಟಾಕ್" ಎಂದು ಹೇಳಿ ಬಾಗಿಲು ಮುಂದೆ ಮಾಡಿಕೊಂಡು ಮೇಲೆ ಬಂದೆ. ಅಂದು ನನಗೆ ಒರಗಲು ಆಗಲಿಲ್ಲ. ಕುಳಿತುಕೊಂಡೇ ಇದ್ದೆ. ಸೀರೆ ಅಂಗಡಿಯವನೂ ಕಾಲು ಚಾಚಿ ಮಲಗುವ ಊರಿನಲ್ಲಿ ಈ ಹುಡುಗಿ ಹದಿನಾಲ್ಕು ವರ್ಷ ಅಕ್ಕಿಚೀಲದ ಮೇಲೆ ಕದ್ದು ಮಲಗಿದ್ದಾಳೆ. ಈಗ ಮೂರು ವಾರದಿಂದ ನನ್ನ ಪಾಲಿನ ನಾಲ್ಕು ಗಂಟೆಗೂ ಅವಳೇ ಏಳುತ್ತಿದ್ದಾಳೆ. ನನ್ನ ಒಂದು "ಇಲ್ಲ" ಉಳಿಯಲಿಕ್ಕೆ.

ತಿಂಗಳಾಗಿ ಮತ್ತೆ ಅಲಿಪುರಕ್ಕೆ ಹೋದೆವು. ಬಸ್ಸಿನುದ್ದಕ್ಕೂ ಶಾಲೆಯ ಪದ್ಯದ ಹಾಗೆ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಡಾಕ್ಟರು ಕೇಳಿದರು, ಮೌಸುಮಿ ದಾಟಿಸಿದಳು: "ಅತ್ತೆ, ಈಗ ರಾತ್ರಿ ಎಷ್ಟು ಗಂಟೆ ನಿದ್ದೆ ಬರ್ತದೆ ಅಂತ."

"ಐದೇ."

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು.

"ಮೌಸುಮಿ, ಬರೀಬೇಡಿ ಅಂತ ಹೇಳು. ಇನ್ನೊಂದು ಉಂಟು."

"ಎಂತ ಅತ್ತೆ?"

"ನಾನು ಮಧ್ಯಾಹ್ನ ನಿದ್ದೆ ಮಾಡ್ತೇನೆ."

ಅವಳು ದಾಟಿಸಲಿಲ್ಲ. ನನ್ನ ಕಡೆಗೇ ತಿರುಗಿದಳು. "ಒರಗುದಾ?"

"ಅಲ್ಲ. ನಿದ್ದೆ."

"ಎಷ್ಟು ಹೊತ್ತು?" ಇದನ್ನು ಡಾಕ್ಟರು ಕೇಳಿರಲಿಲ್ಲ, ಅವಳೇ ಕೇಳಿದ್ದು.

"ಎರಡು ಗಂಟೆ."

"ಯಾವಾಗಿಂದ?"

"ಈ ಮನೆಗೆ ಬಂದ ಮೂರನೇ ದಿನದಿಂದ."

"ಕೀ ಬೋಲ್ಛೇನ್ ಉನಿ?" ಅವರು ಏನು ಹೇಳುತ್ತಿದ್ದಾರೆ ಎಂದು ಡಾಕ್ಟರು ಇಬ್ಬರ ಮುಖವನ್ನೂ ನೋಡಿದರು. ಮೌಸುಮಿ ಹೇಳಿದಳು. ಅವರು ಪೆನ್ನನ್ನು ಕೆಳಗಿಟ್ಟು, ಕುರ್ಚಿ ಹಿಂದಕ್ಕೆ ವಾಲುವಷ್ಟು ನಕ್ಕರು. "ಭಾತ್‌ಘೂಮ್! ಶೆಟಾ ಆಗೇ ಬೋಲ್ಬೇನ್ ತೋ! ಆಮಿಯೋ ತೋ ಘುಮೋಯಿ." ಮೊದಲೇ ಹೇಳಬಾರದಾ, ನಾನೂ ಮಲಗುತ್ತೇನಲ್ಲ ಎಂದು. ಧ್ಯಾನ ಎಂದು ಬರೆದದ್ದನ್ನು ಹೊಡೆದುಹಾಕಿದರು. ರಕ್ತದೊತ್ತಡಕ್ಕೆ ಒಂದು ಸಣ್ಣ ಗುಳಿಗೆ, ನಾಲ್ಕರ ಬದಲು ಐದಕ್ಕೆ ಏಳುವುದು, ದಿನಾ ಏಳುವುದೂ ಬೇಡ. ಒಲೆಯ ಕೆಲಸ ಮಾಡಬಹುದು. ನನ್ನ ಸೌಟು ಮರಳಿ ಬಂದದ್ದು ಎರಡೇ ನಿಮಿಷದಲ್ಲಿ. ಮುಖ ಮಾತ್ರ ಎತ್ತಲಾಗಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ಅಕ್ಕಪಕ್ಕ ಕುಳಿತೆವು. ಗುಳಿಗೆಯ ಚೀಟಿಯನ್ನು ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ. ಕೊನೆಗೆ ನಾನೇ, "ಗೊತ್ತಾಯ್ತಲ್ಲ ನಿಂಗೆ" ಎಂದೆ.

"ಎಂತ?"

"ನಾನು ನಿದ್ದೆ ಮಾಡುದು."

ಮೌಸುಮಿ ಕಿಟಕಿಯ ಹೊರಗೆ ನೋಡುತ್ತಲೇ, "ಅತ್ತೆ, ನಿಮ್ಮ ಗೊರಕೆ ಕೆಳಗೆ ಕೌಂಟರ್ ತನಕ ಕೇಳ್ತದೆ. ಒಬ್ರು ಕಸ್ಟಮರು, ಮೇಲೆ ಹಿಟ್ಟಿನ ಗಿರಣಿ ಇಟ್ಟಿದ್ದೀರಾ ಅಂತ ಕೇಳಿದ್ರು" ಎಂದಳು.

ನನಗೆ ಬಸ್ಸಿನಿಂದ ಇಳಿದುಬಿಡೋಣ ಅನ್ನಿಸಿತು. "ಮತ್ತೆ ಆವತ್ತು ಡಾಕ್ಟ್ರ ಹತ್ರ, ಎಚ್ಚರ ಇರ್ತಾರೆ ಅಂದದ್ದು ಎಂತಕ್ಕೆ?"

"ನೀವು ಇಲ್ಲ ಅಂದ್ರಲ್ಲ. ಅತ್ತೆ ಇಲ್ಲ ಅಂದ ಮೇಲೆ ಸೊಸೆ ಹೌದು ಅನ್ಲಿಕ್ಕೆ ಆಗ್ತದಾ? ಅದೂ ಹೊರಗಿನವರ ಎದುರು!"

"ನನ್ನ ಸೌಟು ಹೋಗ್ತಿತ್ತಲ್ಲ ಮಾರಾಯ್ತಿ!"

"ಹೋಗ್ಲಿ. ಮಾನ ಉಳೀತಿತ್ತಲ್ಲ" ಎಂದಳು. ಆಮೇಲೆ ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನೀವು ಎದ್ದು ಬಂದು, ಈಗಷ್ಟೇ ಒರಗಿದ್ದು ಅಂತ ಹೇಳುವಾಗ ನಿಮ್ಮ ಮುಖ ನೋಡ್ಬೇಕು ಅತ್ತೆ. ಯಾರಿಗಾದ್ರೂ ನಂಬಬೇಕು ಅನ್ನಿಸ್ತದೆ."

ಆಗ ನನಗೆ ಅಕ್ಕಿಚೀಲದ ಬಗ್ಗೆ ಹೇಳಬೇಕಿತ್ತು. ತಪ್ಪು ನನ್ನದು ಎನ್ನಬೇಕಿತ್ತು. ಅಷ್ಟರಲ್ಲಿ ಕಂಡಕ್ಟರು, "ಸಿಯಾಲ್ದಾ, ಸಿಯಾಲ್ದಾ" ಎಂದು ಬಸ್ಸಿನ ಬದಿಗೆ ಬಡಿದ. "ಇಳೀರಿ ಅತ್ತೆ" ಎಂದು ಅವಳು ನನ್ನ ಕೈ ಹಿಡಿದಳು. ಇಳಿದೆ.

ಮರುದಿನ ಊಟವಾದ ಮೇಲೆ ನಡುಮನೆಯಲ್ಲಿ ಎರಡು ಚಾಪೆ ಹಾಸಿದೆ, ಎರಡು ದಿಂಬು ಇಟ್ಟೆ, ಕಿಟಕಿ ಮುಚ್ಚಿದೆ. "ಬಾ, ಮಲಗು" ಎಂದೆ. ಮೌಸುಮಿ ಅನುಮಾನದಿಂದ ನಿಂತಳು. "ಒರಗುದಾ ಅತ್ತೆ?" "ಅಲ್ಲ, ಮಲಗು." ನಾನು ಬಾಗಿಲು ಹಾಕಿ ಬರುವುದರೊಳಗೆ ಅವಳಿಗೆ ನಿದ್ದೆ ಬಂದಿತ್ತು. ನಾನೂ ದಿಂಬಿಗೆ ತಲೆಯಿಟ್ಟೆ. ಚಾಪೆ ಮೆತ್ತಗಿತ್ತು, ಕೋಣೆ ತಂಪಾಗಿತ್ತು, ಡಾಕ್ಟರ ಒಪ್ಪಿಗೆಯಿತ್ತು. ನಿದ್ದೆ ಬರಲಿಲ್ಲ. ಮರುದಿನವೂ ಬರಲಿಲ್ಲ. ನಾಲ್ಕು ದಿನ ಫ್ಯಾನಿನ ರೆಕ್ಕೆ ಎಣಿಸಿದ್ದು ನಾನು. ನಿದ್ದೆ ಮಾಡುತ್ತೇನೆ ಎಂದು ಹೇಳಿ ಮಲಗಿದರೆ ನನಗೆ ಬರುವುದೇ ಇಲ್ಲವೆಂದು ಈ ವಯಸ್ಸಿನಲ್ಲಿ ತಿಳಿಯಿತು. ಐದನೆಯ ದಿನ ಮೆಲ್ಲನೆ ಎದ್ದು ಅಡುಗೆಮನೆಯ ದಾರಿಗೆ ಬಂದು, ಬರಿ ನೆಲದ ಮೇಲೆ ಒಂದು ಕಾಲು ಮಡಚಿ, ಯಾರೂ ಇಲ್ಲದಿದ್ದರೂ "ಸ್ವಲ್ಪ ಒರಗ್ತೇನೆ" ಎಂದು ಹೇಳಿ ಕಣ್ಣಿಗೆ ತೋಳು ಅಡ್ಡ ಇಟ್ಟೆ. ನಾಲ್ಕೂವರೆಗೆ ಮಿಹಿರ ಶಾಲೆಯಿಂದ ಬಂದು ಎಡವಿದಾಗಲೇ ಎಚ್ಚರ. ನೀವು ನೋಡುವುದು ಈಗ ಇದನ್ನೇ. ಹಾಗಾಗಿ ಒರಗುವುದು ನಿದ್ದೆಯಲ್ಲ ಎಂದು ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಊರಿನಿಂದ ಅಡುಗೆಯವರನ್ನು ಕರೆಸುವ ಮಾತು ನಿಂತುಹೋಯಿತು. ವಾರಕ್ಕೆ ನಾಲ್ಕು ದಿನ ಸಾಂಬಾರು ನನ್ನದು, ಮೂರು ದಿನ ಮೌಸುಮಿಯದು. ಯಾವ ದಿನ ಯಾರದೆಂದು ಒಬ್ಬ ಗಿರಾಕಿಯೂ ಗುರುತಿಸಿಲ್ಲ. ಅದನ್ನು ನಾನು ಸಹಿಸಿಕೊಂಡಿದ್ದೇನೆ.

ಬಸ್ಸಿನಲ್ಲಿ ಹೇಳದೆ ಉಳಿದ ಮಾತು ಇನ್ನೂ ಉಳಿದಿದೆ. ದಿನಾ ಊಟಕ್ಕೆ ಕುಳಿತಾಗ ಹೇಳೋಣವೆಂದು ಬಾಯಿ ತೆರೆಯುತ್ತೇನೆ, "ಇನ್ನೂ ಸ್ವಲ್ಪ ಅನ್ನ ಹಾಕ್ಲಾ?" ಎಂಬುದು ಹೊರಗೆ ಬರುತ್ತದೆ. ಪಾಪ, ಅವಳು ಹಾಕಿಸಿಕೊಳ್ಳುತ್ತಾಳೆ. ಮೌಸುಮಿ ಇಷ್ಟು ಚೆನ್ನಾಗಿ ಕನ್ನಡ ಮಾತಾಡಿದರೂ ಓದಲು ಕಲಿಯಲಿಲ್ಲ. ಇಲ್ಲಿ ನನಗೆ ಇಷ್ಟು ಧೈರ್ಯ ಬಂದದ್ದೂ ಅದರಿಂದಲೇ ಎಂದು ಒಪ್ಪಿಕೊಳ್ಳುತ್ತೇನೆ. ನೀವಿಬ್ಬರೂ ಈಗ ಅಕ್ಷರ ಕೂಡಿಸಿ ಕೂಡಿಸಿ ಓದುತ್ತೀರಿ, ಒಂದು ಸಾಲಿಗೆ ಒಂದು ಬಿಸ್ಕತ್ತು ಮುಗಿಯುತ್ತದೆ. ಅವಸರವಿಲ್ಲ. ಈ ಹಾಳೆಗಳನ್ನು ಜೋಪಾನವಾಗಿಡಿ. ಕೆಳಗೆ ಹೋಟೆಲಿಗೆ ಒಯ್ಯಬೇಡಿ, ವಡೆಯ ಎಣ್ಣೆ ಹೀರಲು ಹಾಕಿಬಿಡುತ್ತಾರೆ. ಎಡವದೆ ಓದಲು ಬಂದ ದಿನ ನಿಮ್ಮ ಅಮ್ಮನನ್ನು ಕೂರಿಸಿ, ಅಕ್ಕಿಚೀಲದ ಜಾಗವನ್ನು ಬಿಡದೆ, ಗಟ್ಟಿಯಾಗಿ ಓದಿ ಹೇಳಿ. ನಾನು ಅಲ್ಲೇ ನೆಲದ ಮೇಲೆ ಕಣ್ಣಿಗೆ ತೋಳು ಅಡ್ಡ ಇಟ್ಟುಕೊಂಡಿದ್ದರೆ ಎಬ್ಬಿಸಬೇಡಿ, ಓದುತ್ತಾ ಹೋಗಿ. ಆ ಒಂದು ದಿನ ಮಾತ್ರ ನಾನು ನಿಜವಾಗಿಯೂ ಬರೇ ಒರಗಿರುತ್ತೇನೆ.